ಹುಲ್ಲಿಗೆ ವಾರಕ್ಕೆ ಎಷ್ಟು ಗಂಟೆ: ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಬಿಸಿನೆಸ್ ವಿದ್ಯಾರ್ಥಿಗಳ ಲೆಕ್ಕ

ಸಮುದಾಯದ ಮಕ್ಕಳಿಗಾಗಿ ನಾಲ್ಕು ಫುಟ್‌ಬಾಲ್ ಮೈದಾನಗಳ ಸಂಕೀರ್ಣ ಕಟ್ಟುವ ಕೆಲಸಕ್ಕೆ ಬಿಸಿನೆಸ್ ಓದುವ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಬರುತ್ತಾರೆ ಎಂದಾಗ ಎರಡೂ ಕಡೆಯವರು ಬೇರೆಬೇರೆ ಚಿತ್ರ ಇಟ್ಟುಕೊಂಡಿರುತ್ತಾರೆ. ಮೈದಾನ ಕಟ್ಟಿಸುವ ಸಮಿತಿಯವರಿಗೆ ಪೋಸ್ಟರ್, ಲೋಗೊ, ಜಾಲತಾಣದ ಪುಟ ಮಾಡಿಕೊಡುವ ಹುಡುಗರು ಬೇಕು. ವಿದ್ಯಾರ್ಥಿಗಳಿಗೆ ಒಂದು ಶನಿವಾರ ಗುದ್ದಲಿ ಹಿಡಿದು, ಮೈಗೆ ಮಣ್ಣು ಮೆತ್ತಿಕೊಂಡು, ಫೋಟೊ ತೆಗೆಸಿಕೊಂಡು ಬರುವ ಆಸೆ. ಎರಡೂ ತಪ್ಪಲ್ಲ. ಆದರೆ ಇಂಥ ಮೈದಾನಗಳು ಉದ್ಘಾಟನೆಯ ದಿನ ಸೋಲುವುದಿಲ್ಲ, ಮೂರನೇ ವರ್ಷ ಸೋಲುತ್ತವೆ. ಗೋಲಿನ ಮುಂದೆ ಬೋಳು ನೆಲ, ಒಡೆದ ಸ್ಪ್ರಿಂಕ್ಲರ್, ಖಾತೆಯಲ್ಲಿ ಬಿಡಿಭಾಗಕ್ಕೂ ಹಣವಿಲ್ಲ. ಆ ಮೂರನೇ ವರ್ಷದ ಲೆಕ್ಕವನ್ನು ಈಗಲೇ ಕೂತು ಮಾಡಿಕೊಡುವವರು ಸಮಿತಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಿಸಿನೆಸ್ ವಿದ್ಯಾರ್ಥಿಗಳಾದ ನಾವು ಮಾಡಿದ್ದು ಮುಖ್ಯವಾಗಿ ಅದನ್ನೇ. ಒಂದು ಸೆಮಿಸ್ಟರ್, ಅಂದರೆ 16 ವಾರ ಹಿಡಿಯಿತು.

ಮೊದಲ ವಾರದಲ್ಲಿ ಬೇಕಾದದ್ದು ಒಂದೇ ಪುಟದ ಒಪ್ಪಂದ. ನಾವು ಏನು ಕೊಡುತ್ತೇವೆ, ಯಾವ ದಿನಾಂಕಕ್ಕೆ, ಅದನ್ನು ಒಪ್ಪಿಕೊಂಡು ಸಹಿ ಹಾಕುವವರು ಯಾರು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಮಿತಿಯಲ್ಲಿ ಏಳು ಜನರಿದ್ದರೆ ಏಳು ಬೇಡಿಕೆ ಬರುತ್ತವೆ. ಒಬ್ಬರ ಮೂಲಕವೇ ಬರಬೇಕು. ನಾವು ಏನು ಮಾಡುವುದಿಲ್ಲ ಎಂಬುದನ್ನೂ ಅಲ್ಲೇ ಬರೆದೆವು: ಬಸಿಗಾಲುವೆಯ ವಿನ್ಯಾಸ, ದೀಪದ ಕಂಬದ ಅಡಿಪಾಯ, ವಿದ್ಯುತ್ ನಕ್ಷೆ, ಜಾಗದ ಗುತ್ತಿಗೆ ಕರಾರು. ಇವು ಪರವಾನಗಿ ಇರುವ ಎಂಜಿನಿಯರ್ ಮತ್ತು ವಕೀಲರ ಕೆಲಸ. ವಿದ್ಯಾರ್ಥಿಗಳು ಉತ್ಸಾಹದಲ್ಲಿ ಇವಕ್ಕೂ ಕೈ ಹಾಕಿದರೆ ತಪ್ಪಾದಾಗ ಹೊಣೆ ಹೊರುವವರೇ ಇರುವುದಿಲ್ಲ.

ಗುತ್ತಿಗೆಯ ಕರಾರನ್ನು ನಾವು ಬರೆಯದಿದ್ದರೂ ಓದಿದೆವು. ಜಾಗ ಎಷ್ಟು ವರ್ಷಕ್ಕೆ ಕೈಯಲ್ಲಿದೆ ಎಂಬುದೊಂದನ್ನು ನೋಡಲು. ಹತ್ತು ವರ್ಷ ಬಾಳುವ ನೆಲಹಾಸನ್ನು ಐದು ವರ್ಷದ ಗುತ್ತಿಗೆಯ ಮೇಲೆ ಹಾಕಲು ಯಾವ ದಾನಿಯೂ ಹಣ ಕೊಡುವುದಿಲ್ಲ, ಕೊಡಲೂಬಾರದು.

ಸ್ಪ್ರೆಡ್‌ಶೀಟ್‌ಗೆ ಮೊದಲು ಸಲಿಕೆ

ಕಂಪ್ಯೂಟರ್ ತೆರೆಯುವ ಮುನ್ನ ಜಾಗದಲ್ಲಿ ಐದು ಗುಂಡಿ ತೋಡಿದೆವು. ನಾಲ್ಕು ಮೂಲೆಗಳಲ್ಲಿ ನಾಲ್ಕು, ನಡುವೆ ಒಂದು. ಆಳ 30 ಸೆಂ.ಮೀ., ಅಗಲ ಸುಮಾರು 15 ಸೆಂ.ಮೀ. ನೀರು ತುಂಬಿ ಪೂರ್ತಿ ಇಂಗಲು ಬಿಟ್ಟು, ಮತ್ತೊಮ್ಮೆ ತುಂಬಿ, ಆಗ ಅಡ್ಡಪಟ್ಟಿ ಇಟ್ಟು ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ಮೊದಲ ಸಲ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ, ಏಕೆಂದರೆ ಒಣ ಮಣ್ಣು ಯಾವುದಾದರೂ ಸರಿ, ಮೊದಲ ನೀರನ್ನು ಗಟಗಟನೆ ಕುಡಿಯುತ್ತದೆ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಆ ನೆಲದಲ್ಲಿ ಮಳೆಯ ಮರುದಿನ ಆಟವಿಲ್ಲ ಎಂದು ಗುರುತು ಹಾಕಿಕೊಳ್ಳಿ. ಇದು ಎಂಜಿನಿಯರ್ ಮಾಡುವ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಮಳೆಗೆ ವರ್ಷದಲ್ಲಿ ಎಷ್ಟು ದಿನ ಮೈದಾನ ಮುಚ್ಚಬೇಕಾಗುತ್ತದೆ ಎಂಬ ಅಂದಾಜಿಗೆ ಸಾಕು. ಆ ಅಂದಾಜಿಲ್ಲದೆ ಆದಾಯದ ಅಂಕಣ ತುಂಬುವುದು ಬರೀ ಕಥೆ.

ಅದೇ ಗುಂಡಿಗಳ ಮಣ್ಣನ್ನು ಚೀಲಕ್ಕೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆವು. ಮರಳು, ಜೇಡಿ, ಆಮ್ಲೀಯತೆ, ಪೋಷಕಾಂಶ ಎಲ್ಲ ಒಂದೇ ವರದಿಯಲ್ಲಿ ಬರುತ್ತದೆ.

ಇಳಿಜಾರು ಎರಡನೆಯದು. ಹುಲ್ಲಿನ ಮೈದಾನ ಸಪಾಟಾಗಿರಬೇಕು ಎಂದು ಹೊಸಬರು ಭಾವಿಸುತ್ತಾರೆ. ಸಪಾಟಾದರೆ ನೀರು ನಿಲ್ಲುತ್ತದೆ. ನಡುವಿನಿಂದ ಎರಡೂ ಪಕ್ಕಕ್ಕೆ ಶೇ 1ರಿಂದ 1.5ರಷ್ಟು ಇಳಿಜಾರು ಇರಬೇಕು. ಮೈದಾನದ ಅಗಲ 64 ಮೀ. ಎಂದುಕೊಂಡರೆ ನಡುವಿನಿಂದ ಪಕ್ಕಕ್ಕೆ 32 ಮೀ.; ಶೇ 1 ಎಂದರೆ 32 ಸೆಂ.ಮೀ., ಶೇ 1.5 ಎಂದರೆ 48 ಸೆಂ.ಮೀ. ಎತ್ತರದ ವ್ಯತ್ಯಾಸ. ಆಡುವವರ ಕಣ್ಣಿಗೆ ಇದು ಬೀಳುವುದಿಲ್ಲ, ನೀರಿಗೆ ಚೆನ್ನಾಗಿ ಗೊತ್ತಾಗುತ್ತದೆ. ದಿಕ್ಕನ್ನೂ ಆಗಲೇ ನೋಡಿಕೊಳ್ಳಬೇಕು. ಉದ್ದದ ಅಕ್ಷ ಉತ್ತರ–ದಕ್ಷಿಣ ಇದ್ದರೆ ಸಂಜೆಯ ಬಿಸಿಲು ಗೋಲ್‌ಕೀಪರ್‌ನ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಮಕ್ಕಳ ಅಭ್ಯಾಸವೆಲ್ಲ ಸಂಜೆಯೇ ನಡೆಯುವುದರಿಂದ ಇದು ಸಣ್ಣ ವಿಷಯವಲ್ಲ.

ಅಳತೆಗಳು

ಆಟದ ನಿಯಮಗಳ ಪ್ರಕಾರ ಪೂರ್ಣ ಮೈದಾನದ ಉದ್ದ 90ರಿಂದ 120 ಮೀ., ಅಗಲ 45ರಿಂದ 90 ಮೀ. ಇರಬಹುದು. ನಾವು 100×64 ಹಿಡಿದೆವು. ಗೆರೆಯಾಚೆ ಸುತ್ತ 3 ಮೀ. ಖಾಲಿ ಜಾಗ ಬಿಟ್ಟರೆ 106×70, ಅಂದರೆ 7,420 ಚದರ ಮೀ. ಜಾಗದ ಲೆಕ್ಕ ಹಾಕುವಾಗ ಈ 3 ಮೀಟರನ್ನು ಮರೆಯುವವರು ಬಹಳ. ಆಮೇಲೆ ಬೇಲಿಯನ್ನು ಟಚ್‌ಲೈನಿಗೆ (ಉದ್ದದ ಬದಿಯ ಗೆರೆಗೆ) ಒತ್ತಿ ಹಾಕಬೇಕಾಗಿ ಬಂದು, ಚೆಂಡಿನ ಹಿಂದೆ ಓಡಿದ ಮಗು ಕಂಬಕ್ಕೆ ಹೋಗಿ ಬಡಿಯುತ್ತದೆ.

ಆದರೆ ಸಂಕೀರ್ಣ ಇರುವುದು ಮಕ್ಕಳಿಗೆ. ಎಂಟು ವರ್ಷದ ಮಗುವಿಗೆ 100 ಮೀಟರ್ ಮೈದಾನ ಓಟದ ಸ್ಪರ್ಧೆಯಾಗುತ್ತದೆಯೇ ಹೊರತು ಫುಟ್‌ಬಾಲ್ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಶಿಫಾರಸು ಮಾಡುತ್ತ ಬಂದ ಅಳತೆಗಳು ನಮಗೆ ಒಳ್ಳೆಯ ಆಧಾರವಾದವು. ಐದೈದು ಮಂದಿಯ ಆಟಕ್ಕೆ 40×30 ಗಜ, ಅಂದರೆ ಸುಮಾರು 37×27 ಮೀ. ಏಳೇಳು ಮಂದಿಗೆ 60×40 ಗಜ, ಅಂದರೆ 55×37 ಮೀ. ಒಂಬತ್ತೊಂಬತ್ತು ಮಂದಿಗೆ 80×50 ಗಜ, ಅಂದರೆ 73×46 ಮೀ. ಗೋಲು ಕೂಡ ಹಾಗೆಯೇ: ಚಿಕ್ಕವರಿಗೆ 3.66×1.83 ಮೀ., ಒಂಬತ್ತರ ಆಟಕ್ಕೆ 4.88×2.13 ಮೀ., ದೊಡ್ಡವರಿಗೆ 7.32×2.44 ಮೀ. ಬೇರೆ ದೇಶಗಳ ಒಕ್ಕೂಟಗಳ ಅಳತೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದೆ. ನಿಮ್ಮ ಮಕ್ಕಳು ಯಾವ ಲೀಗಿನಲ್ಲಿ ಆಡುತ್ತಾರೋ ಅದರ ಪುಸ್ತಕ ನೋಡಿ.

ಇಲ್ಲಿಂದ ಒಂದು ಲಾಭ ಸಿಗುತ್ತದೆ. 100×64ರ ಮೈದಾನಕ್ಕೆ ಅಡ್ಡಲಾಗಿ 55×37ರ ಎರಡು ಮೈದಾನ ಕೂರುತ್ತವೆ. 37ರ ಎರಡು ಅಗಲ ಸೇರಿ 74 ಮೀ.; ನಡುವೆ 6 ಮೀ. ಬಿಟ್ಟರೂ ಉದ್ದ ಮಿಗುತ್ತದೆ. 37×27ರವು ನಾಲ್ಕು ಕೂರುತ್ತವೆ. ಜಾಗ ಉಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಸವೆತ ಹಂಚಿಹೋಗುತ್ತದೆ. ಪೂರ್ಣ ಮೈದಾನದಲ್ಲಿ ಮೊದಲು ಬೋಳಾಗುವುದು ಎರಡು ಗೋಲಿನ ಬಾಯಿ ಮತ್ತು ನಡುವೃತ್ತ. ಅಡ್ಡ ಮೈದಾನಗಳ ಗೋಲುಗಳು ಟಚ್‌ಲೈನಿನ ಕಡೆ ಬರುವುದರಿಂದ ಅಷ್ಟು ದಿನ ಗೋಲಿನ ಬಾಯಿಗೆ ಬಿಡುವು ಸಿಗುತ್ತದೆ. ಎಲ್ಲ ಗೆರೆಗಳನ್ನೂ ಬಿಳಿ ಬಣ್ಣದಲ್ಲೇ ಎಳೆದರೆ ಮಾತ್ರ ಯಾರಿಗೂ ಯಾವ ಗೆರೆಯೂ ತಿಳಿಯುವುದಿಲ್ಲ. ದೊಡ್ಡದಕ್ಕೆ ಬಿಳಿ, ಚಿಕ್ಕದಕ್ಕೆ ನೀಲಿ ಅಥವಾ ಹಳದಿ. ಇಲ್ಲವೇ ಚಿಕ್ಕದಕ್ಕೆ ಗೆರೆಯೇ ಬೇಡ, ಚಪ್ಪಟೆ ಬಿಲ್ಲೆಗಳನ್ನಿಟ್ಟರೆ ಸಾಕು.

84 ಗಂಟೆ, 31 ಗಂಟೆ, 17 ಗಂಟೆ

ವಿದ್ಯಾರ್ಥಿಗಳ ಮೊದಲ ಸ್ಪ್ರೆಡ್‌ಶೀಟ್ ಎಲ್ಲ ಕಡೆಯೂ ಒಂದೇ ತರಹ ಇರುತ್ತದೆ. ದಿನಕ್ಕೆ 12 ಗಂಟೆ, ವಾರಕ್ಕೆ 7 ದಿನ, ಒಟ್ಟು 84 ಗಂಟೆ, ಅದನ್ನು ಮೈದಾನಗಳ ಸಂಖ್ಯೆಯಿಂದ ಗುಣಿಸು, ಬಾಡಿಗೆಯಿಂದ ಗುಣಿಸು. ಲಾಭವೋ ಲಾಭ. ಹೋಟೆಲ್ ಕೋಣೆಯ ಲೆಕ್ಕವನ್ನು ಹುಲ್ಲಿಗೆ ತೊಡಿಸಿದ ಹಾಗೆ.

ಮೊದಲ ಕತ್ತರಿ ಮಕ್ಕಳ ದಿನಚರಿಯದು. ಶಾಲೆಯ ದಿನಗಳಲ್ಲಿ ಅವರು ಆಡಲು ಸಿಗುವುದು ಸಂಜೆ ಹೆಚ್ಚೆಂದರೆ 3 ಗಂಟೆ. ಐದು ದಿನಕ್ಕೆ 15. ರಜೆಯ ಎರಡು ದಿನ ತಲಾ 8, ಒಟ್ಟು 16. ಎಲ್ಲ ಸೇರಿ 31 ಗಂಟೆ. ಎರಡನೇ ಕತ್ತರಿ ಹುಲ್ಲಿನದು. ಹುಲ್ಲು ತುಳಿತ ತಿಂದಮೇಲೆ ಚೇತರಿಸಿಕೊಳ್ಳಲು ಸಮಯ ಬೇಕು. ಚೆನ್ನಾಗಿ ನೀರು ಬಸಿಯುವ, ಚೆನ್ನಾಗಿ ನೋಡಿಕೊಂಡ ನೆಲಕ್ಕೆ ನಾವು ಯೋಜನೆಯಲ್ಲಿ ಹಿಡಿದದ್ದು ವಾರಕ್ಕೆ 20 ಗಂಟೆ. ನೀರು ನಿಲ್ಲುವ ಜೇಡಿ ನೆಲವಾದರೆ ಅದರ ಅರ್ಧ ಹಿಡಿಯುವುದು ಕ್ಷೇಮ. ಮೂರನೇ ಕತ್ತರಿ ಮಳೆಯದು. ಶೇ 15 ತೆಗೆದರೆ 17. ಹೀಗೆ 84 ಇದ್ದದ್ದು 17 ಆಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಹುಲ್ಲುಹಾಸಿನ ಮೇಲೆ ಕಾಲಿಡುವವರಿಗೆ ಹೊಸದಾಗಿ ಹೇಳಬೇಕಿಲ್ಲ.

ಈ 17 ಗಂಟೆಯಲ್ಲಿ ಎಷ್ಟು ತಂಡ? ಹನ್ನೊಂದರ ತಂಡ ವಾರಕ್ಕೆ ಎರಡು ಅಭ್ಯಾಸ ಮಾಡುತ್ತದೆ, ತಲಾ ಒಂದೂಕಾಲು ಗಂಟೆ, ಅರ್ಧ ಮೈದಾನದಲ್ಲಿ. ಪೂರ್ಣ ಮೈದಾನದ ಒಂದು ಗಂಟೆಯ ಬಳಕೆಯನ್ನು ಒಂದು ಮೈದಾನ–ಗಂಟೆ ಎಂದುಕೊಂಡರೆ, ಅಲ್ಲಿಗೆ 1.25 ಮೈದಾನ–ಗಂಟೆ. ಪಂದ್ಯಕ್ಕೆ ತಯಾರಿ ಸೇರಿ ಒಂದೂವರೆ ಗಂಟೆ, ಅದನ್ನು ಎರಡು ತಂಡ ಹಂಚಿಕೊಂಡರೆ ತಲಾ 0.75. ಒಟ್ಟು 2. ಅಂದರೆ ಒಂದು ಮೈದಾನಕ್ಕೆ ಎಂಟು ತಂಡ. ಏಳರ ತಂಡವಾದರೆ ಕಾಲು ಮೈದಾನದಲ್ಲಿ ತಲಾ ಒಂದು ಗಂಟೆಯ ಎರಡು ಅಭ್ಯಾಸ, 0.5, ಅರ್ಧ ಮೈದಾನದಲ್ಲಿ ಒಂದು ಗಂಟೆಯ ಪಂದ್ಯದ ಪಾಲು 0.25. ಒಟ್ಟು 0.75. ಅದೇ ಮೈದಾನಕ್ಕೆ 22 ತಂಡ. ಚಿಕ್ಕ ಮಕ್ಕಳ ತೂಕವೂ ಕಡಿಮೆ, ನೆಲಕ್ಕೆ ಪೆಟ್ಟೂ ಕಡಿಮೆ. ಹೀಗಾಗಿ ‘ಎಷ್ಟು ಮೈದಾನ ಕಟ್ಟಬೇಕು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಯಾವ ವಯಸ್ಸಿನ ಎಷ್ಟು ಮಕ್ಕಳು ಎಂಬುದರಿಂದಲೇ. ಸಮಿತಿಗೆ ನಾವು ಕೊಟ್ಟದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಹಾಳೆ ಯಾವುದೆಂದರೆ ಈ ಒಂದು ಕೋಷ್ಟಕ. ಕೋಚ್‌ಗಳ ಜೊತೆ ವಾದ ಮಾಡುವಾಗ ಕೈಯಲ್ಲಿ ಅಂಕಿ ಇರುತ್ತದೆ.

ದೀಪ ಹಾಕಿದರೆ ಗಂಟೆ ಹೆಚ್ಚುತ್ತದಲ್ಲ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ. ಹೆಚ್ಚುವುದು ಮನುಷ್ಯರಿಗೆ ಸಿಗುವ ಗಂಟೆ, ಹುಲ್ಲು ತಡೆಯುವ ಗಂಟೆ ಅಲ್ಲ. ಸಹಜ ಹುಲ್ಲಿಗೆ ದೀಪ ಹಾಕಿ ಬಳಕೆಗೆ ಮಿತಿ ಹಾಕದಿದ್ದರೆ ಒಂದೇ ಋತುವಿನಲ್ಲಿ ಮಣ್ಣು ಕಾಣುತ್ತದೆ. ದೀಪ ಬೇಕಿದ್ದರೆ ಒಂದೇ ಮೈದಾನಕ್ಕೆ, ಅದೂ ಕೃತಕ ಹುಲ್ಲುಹಾಸಿನದಕ್ಕೆ ಎಂದು ನಾವು ಬರೆದೆವು. ಕ್ರೀಡಾ ದೀಪಗಳಿಗಾಗಿ ಯುರೋಪಿನಲ್ಲಿರುವ ಇಎನ್ 12193 ಮಾನದಂಡದಲ್ಲಿ ಹೊರಾಂಗಣ ಫುಟ್‌ಬಾಲಿಗೆ ಕೆಳಗಿನ ದರ್ಜೆ 75 ಲಕ್ಸ್ (ನೆಲಕ್ಕೆ ಬೀಳುವ ಬೆಳಕಿನ ಅಳತೆ), ನಡುವಿನದು 200, ಮೇಲಿನದು 500. ಮಕ್ಕಳ ಅಭ್ಯಾಸಕ್ಕೆ 500 ಕೇಳುವ ಕೊಟೇಶನ್ ಬಂದರೆ ಯಾಕೆ ಎಂದು ಕೇಳಿ.

ಕೃತಕ ಹಾಸು: ಯಾರೂ ಹಾಕದ ಸಾಲು

ಕೃತಕ ಹುಲ್ಲುಹಾಸಿಗೆ ಗಂಟೆಯ ಕಾಟವಿಲ್ಲ, ಅದಕ್ಕೇ ಸಮಿತಿಗಳು ಅದಕ್ಕೆ ಮರುಳಾಗುತ್ತವೆ. ಆದರೆ ಅದರ ಆಯಸ್ಸು ಸಾಧಾರಣವಾಗಿ 8ರಿಂದ 10 ವರ್ಷ. ಆಮೇಲೆ ಹಾಸನ್ನು ಸುತ್ತಿ ಎತ್ತಿ ಹೊಸದು ಹಾಕಬೇಕು, ಹಳೆಯದರ ವಿಲೇವಾರಿಗೂ ತೆರಬೇಕು. ಇಂದು ಹಾಸಿನ ಬೆಲೆ 100 ಎಂದುಕೊಳ್ಳಿ. ಹತ್ತು ವರ್ಷಕ್ಕೆ ವರ್ಷಕ್ಕೆ 10ರಂತೆ ತೆಗೆದಿಟ್ಟರೆ ಸಾಕು ಎಂದು ನಮ್ಮ ಮೊದಲ ಕರಡಿನಲ್ಲೂ ಬರೆದಿತ್ತು. ಬೆಲೆ ವರ್ಷಕ್ಕೆ ಶೇ 4 ಏರಿದರೆ ಹತ್ತನೇ ವರ್ಷದ ಕೊನೆಗೆ ಅದೇ ಹಾಸು 148 ಆಗಿರುತ್ತದೆ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತೆಗೆದಿಡಬೇಕಾದದ್ದು ವರ್ಷಕ್ಕೆ 14.8. ಈ ಸಾಲು ಬಜೆಟ್ಟಿನಲ್ಲಿ ಇಲ್ಲದಿದ್ದರೆ ಪ್ರತಿ ವರ್ಷವೂ ಉಳಿತಾಯ ಕಾಣುತ್ತದೆ, ಉಳಿತಾಯ ಕಂಡಲ್ಲಿ ಶುಲ್ಕ ಇಳಿಸಿ ಎಂಬ ಕೂಗು ಏಳುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಹತ್ತನೇ ವರ್ಷ ಕುಡಿಕೆಯ ತಳ ಕಾಣುತ್ತದೆ. ಆ ಮೊತ್ತವನ್ನು ಬೇರೆ ಖಾತೆಯಲ್ಲಿ, ಇಬ್ಬರ ಸಹಿ ಇಲ್ಲದೆ ತೆಗೆಯಲಾಗದಂತೆ ಇಡಿ ಎಂದು ಸಲಹೆ ಕೊಟ್ಟೆವು.

ಇನ್ನೆರಡು ಮಾತು. ಬಿಸಿಲಲ್ಲಿ ಕೃತಕ ಹಾಸಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು, ಚಿಕ್ಕ ಮಕ್ಕಳ ಮಧ್ಯಾಹ್ನದ ಪಂದ್ಯಕ್ಕೆ ಅದು ತಕ್ಕದ್ದಲ್ಲ. ಹಾಸಿನೊಳಗೆ ತುಂಬುವ ರಬ್ಬರ್ ಹರಳುಗಳ ಬಗ್ಗೆಯೂ ಮುಂದಾಲೋಚನೆ ಬೇಕು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಸೂಕ್ಷ್ಮ ಪ್ಲಾಸ್ಟಿಕ್ ನಿರ್ಬಂಧದಂತೆ ಅಲ್ಲಿ 2031ರ ಅಕ್ಟೋಬರ್‌ನಿಂದ ಇಂಥ ಹರಳು ಮಾರುವಂತಿಲ್ಲ. ಈಗ ಹಾಕುವ ಹಾಸಿನ ಆಯಸ್ಸಿನೊಳಗೇ ಆ ದಿನಾಂಕ ಬೀಳುತ್ತದೆ. ಕೊಟೇಶನ್ ಕೇಳುವಾಗಲೇ ಕಾರ್ಕ್‌ನಂಥ ಬದಲಿಯ ದರವನ್ನೂ ಕೇಳಿ.

ನಮ್ಮ ಕೊನೆಯ ಶಿಫಾರಸು ಮೂರು ಸಹಜ ಹುಲ್ಲು, ಒಂದು ಕೃತಕ. ಮಳೆಯ ದಿನ ಎಲ್ಲರೂ ಆ ಒಂದಕ್ಕೇ ಮುಗಿಬೀಳುತ್ತಾರೆ ಎಂಬುದು ಇದರ ದೌರ್ಬಲ್ಯ, ಅದಕ್ಕೆ ಮೊದಲೇ ಸರದಿ ಪಟ್ಟಿ ಬೇಕು.

ಹುಲ್ಲಿನ ಖರ್ಚಿನಲ್ಲಿ ನೀರು ದೊಡ್ಡದು. ಬೆಳೆಯುವ ಕಾಲದಲ್ಲಿ ಮಳೆ ಸೇರಿ ವಾರಕ್ಕೆ ಸುಮಾರು 25 ಮಿ.ಮೀ. ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರ್. 6,400 ಚದರ ಮೀ.ಗೆ 1,60,000 ಲೀಟರ್. ಮಳೆ ಇಲ್ಲದ ವಾರ ಮೂರು ಮೈದಾನಕ್ಕೆ 4.8 ಲಕ್ಷ ಲೀಟರ್. ಒಂದೇ ಮೈದಾನವನ್ನು ವಾರಕ್ಕೆ ನಾಲ್ಕು ರಾತ್ರಿ, ತಲಾ 5 ಗಂಟೆ ಹಾಯಿಸಿದರೂ ಪಂಪು ಗಂಟೆಗೆ 8,000 ಲೀಟರ್ ಎತ್ತಬೇಕು. ಇರುವ ನಲ್ಲಿ ಸಂಪರ್ಕ ಅಷ್ಟು ಕೊಡುತ್ತದೆಯೇ ಎಂದು ಬಕೆಟ್ ಹಿಡಿದು ಅಳೆಯಲು ಐದು ನಿಮಿಷ ಸಾಕು. ಅಳೆಯದೆ ಪೈಪು ಹೂತರೆ ಆಮೇಲೆ ಅಗೆಯುವುದು ಹೊಸ ಹುಲ್ಲನ್ನೇ.

ಜನರನ್ನು ಕೇಳುವುದು

ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ‘ಮೈದಾನವಾದರೆ ನಿಮ್ಮ ಮಗುವನ್ನು ಕಳಿಸುತ್ತೀರಾ’ ಎಂದು ಕೇಳಬಾರದು. ಯಾರು ಬೇಡ ಎನ್ನುತ್ತಾರೆ? ಕಳೆದ ಒಂದು ತಿಂಗಳಲ್ಲಿ ಮಗು ಎಷ್ಟು ದಿನ ಆಡಿತು, ಎಲ್ಲಿ, ಹೋಗಿಬರಲು ಎಷ್ಟು ನಿಮಿಷ ಹಿಡಿಯಿತು, ಯಾರು ಕರೆದೊಯ್ದರು, ಆಟ ಬಿಟ್ಟಿದ್ದರೆ ಯಾವ ಕಾರಣಕ್ಕೆ ಎಂದು ಕೇಳಬೇಕು. ಆಗಿಹೋದದ್ದನ್ನು ಕೇಳಿದರೆ ನಿಜ ಬರುತ್ತದೆ. ಈಗಾಗಲೇ ಕ್ಲಬ್ಬಿನಲ್ಲಿ ಇರುವ ಮಕ್ಕಳ ಪೋಷಕರನ್ನಷ್ಟೇ ಕೇಳುವುದು ಎರಡನೇ ತಪ್ಪು, ಮೈದಾನ ಬೇಕಿರುವುದು ಬಾರದವರಿಗೆ. ಹೆಣ್ಣುಮಕ್ಕಳು ಯಾಕೆ ಬರುತ್ತಿಲ್ಲ ಎಂದು ಬೇರೆಯಾಗಿ ಕೇಳಿದಾಗ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕತ್ತಲಾದ ಮೇಲಿನ ದಾರಿ ಇವು ಎದ್ದು ಬರುತ್ತವೆ, ಗೋಲು ಹುಲ್ಲುಗಳಲ್ಲ. ಇದರಿಂದ ಮೊದಲ ಹಂತದ ಕಟ್ಟಡದ ಪಟ್ಟಿಯೇ ಬದಲಾಗುತ್ತದೆ: ಪ್ರೇಕ್ಷಕರ ಮೆಟ್ಟಿಲು ಹಿಂದಕ್ಕೆ, ಶೌಚಾಲಯ ಮುಂದಕ್ಕೆ.

ವಾಹನ ನಿಲುಗಡೆಯನ್ನು ಯಾರೂ ಕೇಳುವುದಿಲ್ಲ, ಮೊದಲ ಪಂದ್ಯದ ದಿನ ಎಲ್ಲರೂ ಬೈಯುತ್ತಾರೆ. ಕಾರಿನಲ್ಲೇ ಬರುವ ಕಡೆಯಾದರೆ ಲೆಕ್ಕ ಹೀಗೆ. ಒಂದು ಪಂದ್ಯಕ್ಕೆ 32 ಮಕ್ಕಳು, ಒಂದೊಂದು ಕಾರಿನಲ್ಲಿ ಸರಾಸರಿ ಒಂದೂವರೆ ಮಗು, ಜೊತೆಗೆ ಕೋಚ್ ಮತ್ತು ರೆಫರಿ: 25 ಕಾರು. ಒಂದು ಪಂದ್ಯ ಮುಗಿಯುವ ಹೊತ್ತಿಗೆ ಮುಂದಿನದರವರು ಬಂದಿರುವುದರಿಂದ 50. ನಾಲ್ಕು ಮೈದಾನಕ್ಕೆ 200. ಓಡಾಟದ ದಾರಿ ಸೇರಿ ಕಾರಿಗೆ 25ರಿಂದ 30 ಚದರ ಮೀ. ಹಿಡಿದರೆ 5,000ದಿಂದ 6,000 ಚದರ ಮೀ., ಸರಿಸುಮಾರು ಇನ್ನೊಂದು ಮೈದಾನ! ಪಂದ್ಯಗಳ ಆರಂಭವನ್ನು 9.00, 9.15, 9.30, 9.45 ಎಂದು ಹಿಂದುಮುಂದು ಮಾಡಿದರೆ 150ರ ಒಳಗೆ ಮುಗಿಯುತ್ತದೆ. ಖರ್ಚಿಲ್ಲದ ಪರಿಹಾರ.

ಪುಕ್ಕಟೆ ಮಣ್ಣು

ದಾನಗಳಲ್ಲಿ ಹಣಕ್ಕಿಂತ ವಸ್ತು ಮತ್ತು ಕೆಲಸದ ರೂಪದವೇ ಹೆಚ್ಚು. ಅವುಗಳಿಗೆ ಮಾರುಕಟ್ಟೆ ಬೆಲೆ ಕಟ್ಟಿ, ದಾಖಲೆ ಇಟ್ಟು, ರಸೀದಿ ಕೊಡುವ ಕೆಲಸ ಬಿಸಿನೆಸ್ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು. ಸ್ವಯಂಸೇವಕರ ಗಂಟೆಗಳನ್ನೂ ಹಾಜರಿ ಪುಸ್ತಕದಲ್ಲಿ ಬರೆದಿಡಬೇಕು. ಕೆಲವು ಅನುದಾನಗಳು ಅದನ್ನು ಸಮುದಾಯದ ಪಾಲು ಎಂದು ಒಪ್ಪುತ್ತವೆ.

ಅಪಾಯ ಇರುವುದು ಪುಕ್ಕಟೆ ಮಣ್ಣಿನಲ್ಲಿ. 7,420 ಚದರ ಮೀ.ಗೆ 15 ಸೆಂ.ಮೀ. ಮೇಲ್ಮಣ್ಣು ಎಂದರೆ 1,113 ಘನ ಮೀ. ಸಡಿಲ ಮಣ್ಣು ಕೂತಮೇಲೆ ಇಳಿಯುವುದರಿಂದ ಶೇ 20 ಹೆಚ್ಚಿಗೆ ಹಿಡಿದರೆ ಸುಮಾರು 1,335. ಹತ್ತು ಘನ ಮೀಟರಿನ ಟಿಪ್ಪರಿನಲ್ಲಿ 134 ಲೋಡು. ಇಷ್ಟನ್ನು ಬಿಟ್ಟಿ ಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ ಅದು ಯಾವುದೋ ಕಟ್ಟಡದ ತಳಪಾಯದಿಂದ ಎದ್ದ ಮಣ್ಣಾಗಿರುವ ಸಾಧ್ಯತೆಯೇ ಹೆಚ್ಚು. ಗಾಜಿನ ಚೂರು, ಕಬ್ಬಿಣದ ತುಂಡು, ಕಳೆಯ ಬೀಜ, ಅಡಿಯ ಜೇಡಿ ಎಲ್ಲ ಅದರಲ್ಲಿರುತ್ತದೆ. ಲೋಡು ಇಳಿಸುವ ಮುನ್ನ ಜರಡಿ ಹಿಡಿದು ನೋಡಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಒಮ್ಮೆ ಹರಡಿದ ಮಣ್ಣನ್ನು ಮತ್ತೆ ಎತ್ತಿಸುವ ಖರ್ಚು ಕೊಂಡ ಮಣ್ಣಿಗಿಂತ ಹೆಚ್ಚು. ಬಿಟ್ಟಿ ಸಮತಟ್ಟು ಮಾಡಿಕೊಡಲು ಬರುವ ಭಾರೀ ಯಂತ್ರವೂ ಅಷ್ಟೇ. ಒದ್ದೆ ನೆಲದ ಮೇಲೆ ಅದು ಓಡಾಡಿದರೆ ಮಣ್ಣು ಇಟ್ಟಿಗೆಯಂತೆ ಬಿಗಿದು, ಬೇರು ಇಳಿಯುವುದಿಲ್ಲ, ನೀರೂ ಇಳಿಯುವುದಿಲ್ಲ. ದಾನಿಗೆ ಬಿಡುವಿರುವ ದಿನ ಅಲ್ಲ, ನೆಲ ಒಣಗಿರುವ ದಿನ ಯಂತ್ರ ಬರಬೇಕು. ಇದನ್ನು ವಿನಯದಿಂದ ಹೇಳುವ ಪತ್ರದ ಕರಡನ್ನೂ ನಾವು ಬರೆದುಕೊಟ್ಟೆವು.

ಪ್ರಾಯೋಜಕರಿಗೆ ಫಲಕದ ಅಳತೆ, ಅವಧಿ, ನವೀಕರಣದ ದಿನಾಂಕ ಇವಿಷ್ಟು ಬರಹದಲ್ಲಿ ಇರಲಿ. ಮೈದಾನಕ್ಕೆ ಹೆಸರಿಡುವ ಹಕ್ಕಿನ ಮಾತನ್ನು ಸಮಿತಿಯ ನಿರ್ಣಯವಿಲ್ಲದೆ ಯಾವ ವಿದ್ಯಾರ್ಥಿಯೂ ಆಡಬಾರದು.

ಕೆಲಸದ ಶನಿವಾರ

ಕಲ್ಲು ಆಯುವುದು ಸ್ವಯಂಸೇವಕರಿಗೆ ಒಪ್ಪುವ ಕೆಲಸ. ಒಂದೂವರೆ ಮೀಟರ್ ಅಂತರದಲ್ಲಿ ಸಾಲಾಗಿ ನಿಂತರೆ 64 ಮೀ. ಅಗಲಕ್ಕೆ 43 ಜನ ಬೇಕು. 22 ಜನರಿದ್ದರೆ ಎರಡು ಸುತ್ತು. ಹುಲ್ಲಿನ ಸುರುಳಿ ಹಾಸುವುದು ಇನ್ನೊಂದು. ಕತ್ತರಿಸಿದ ಸುರುಳಿ ಒಳಗೇ ಬಿಸಿಯಾಗಿ ಹಳದಿಗಟ್ಟುವುದರಿಂದ 24 ಗಂಟೆಯೊಳಗೆ ನೆಲ ಸೇರಬೇಕು. 37×27ರ ಮೈದಾನಕ್ಕೆ ಹೆಚ್ಚುಕಡಿಮೆ 1,000 ಚದರ ಮೀ. ಬೇಕಾಗುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಎಷ್ಟು ಹಾಸಿದಿರಿ ಎಂದು ಅಳೆದು ಉಳಿದದ್ದನ್ನು ಅಂದಾಜಿಸಿ. ಮಧ್ಯಾಹ್ನದ ಮೇಲೆ ವೇಗ ಬೀಳುತ್ತದೆ ಎಂಬುದನ್ನೂ ಸೇರಿಸಿ. ಸಾಲುಗಳ ಸಂದು ಇಟ್ಟಿಗೆ ಗೋಡೆಯಂತೆ ಹಿಂದುಮುಂದಾಗಬೇಕು, ಅಂಚುಗಳ ನಡುವೆ ಬೆರಳು ತೂರಬಾರದು, ರೋಲರ್ ಉರುಳಿಸಿದ ಕೂಡಲೇ ನೀರು. ಬೀಜ ಬಿತ್ತುವುದಾದರೆ ಆಟಕ್ಕೆ ತೆರೆಯುವ ಮುನ್ನ ಒಂದು ಪೂರ್ಣ ಬೆಳವಣಿಗೆಯ ಋತು ಕಾಯಬೇಕು. ಉದ್ಘಾಟನೆಯ ದಿನಾಂಕ ಮೊದಲು ಗೊತ್ತುಮಾಡಿ ಬೀಜ ಆಮೇಲೆ ತರುವ ಸಮಿತಿಗಳಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಗೆರೆ ಎಳೆಯಲು ಬೇಕಾದದ್ದು ಗೂಟ, ದಾರ, 50 ಮೀ. ಟೇಪು ಎರಡು, ಗೆರೆ ಗಾಡಿ. ಮೂಲೆ ನೇರಮಾಡಲು 3–4–5ರ ತ್ರಿಕೋನ (ಬದಿಗಳು ಈ ಪ್ರಮಾಣದಲ್ಲಿದ್ದರೆ ಮೂಲೆ 90 ಡಿಗ್ರಿ), ಆದರೆ 3 ಮೀಟರಿನದಲ್ಲ. ಚಿಕ್ಕ ತ್ರಿಕೋನದ ಸಣ್ಣ ತಪ್ಪು 100 ಮೀ. ದೂರದಲ್ಲಿ ದೊಡ್ಡದಾಗುತ್ತದೆ. 18–24–30 ಮೀ. ಹಿಡಿಯಿರಿ. ನಾಲ್ಕು ಗೂಟ ನೆಟ್ಟಮೇಲೆ ಕರ್ಣಗಳನ್ನು ಅಳೆಯಿರಿ: 100×64ಕ್ಕೆ 118.73 ಮೀ., 55×37ಕ್ಕೆ 66.29 ಮೀ. ಎರಡು ಕರ್ಣಗಳ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗೂಟ ಕೀಳಿ. ಬಟ್ಟೆಯ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಹಾಗಾಗಿ ಕೊನೆಯವರೆಗೂ ಒಬ್ಬರೇ ಎಳೆಯಲಿ. ಗೆರೆಯ ಅಗಲ 12 ಸೆಂ.ಮೀ. ಮೀರುವಂತಿಲ್ಲ, ಮತ್ತು ಗೆರೆ ಮೈದಾನದ ಒಳಗೇ ಸೇರಿದ್ದು, ಆದ್ದರಿಂದ ದಾರ ಗೆರೆಯ ಹೊರ ಅಂಚಿಗೆ ಬರಬೇಕು. ದಾರದ ಮೇಲೆಯೇ ಗಾಡಿ ಓಡಿಸುವುದು ಎಲ್ಲರೂ ಮಾಡುವ ತಪ್ಪು.

ಪೂರ್ಣ ಮೈದಾನದಲ್ಲಿ ಗೆರೆ ಎಷ್ಟು ಉದ್ದ? ಸುತ್ತಳತೆ 328 ಮೀ., ನಡುಗೆರೆ 64, ನಡುವೃತ್ತ 57.5, ಎರಡು ಪೆನಾಲ್ಟಿ ಬಾಕ್ಸ್ 146.6, ಗೋಲ್ ಏರಿಯಾ 58.6, ಬಾಕ್ಸಿನ ಹೊರಗಿನ ಎರಡು ಕಮಾನು 33.9, ಮೂಲೆಗಳು 6.3. ಒಟ್ಟು 695 ಮೀ. ಹತ್ತು ಸೆಂ.ಮೀ. ಅಗಲಕ್ಕೆ 69.5 ಚದರ ಮೀ. ಬಣ್ಣ. ಹುಲ್ಲು ಕತ್ತರಿಸಿದಂತೆಲ್ಲ ಬಣ್ಣವೂ ಹೋಗುತ್ತದೆ, ಆದ್ದರಿಂದ ಇದು ಒಮ್ಮೆಯ ಖರ್ಚಲ್ಲ. ಋತುವಿನ ವಾರಗಳಿಂದ ಗುಣಿಸಬೇಕು. ಅರಳಿಸಿದ ಸುಣ್ಣ ಅಗ್ಗ ಎಂದು ತರಬೇಡಿ. ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಗೆರೆಯ ಮೇಲೆ ಬೀಳುವವರು ಮಕ್ಕಳು. ನೀರಿನಲ್ಲಿ ಕರಗುವ ಮೈದಾನದ ಬಣ್ಣವೇ ಆಗಬೇಕು.

ಗೋಲು ಕಂಬದ ವಿಷಯದಲ್ಲಿ ಸಡಿಲ ಬೇಡವೇ ಬೇಡ. ಎತ್ತಿಡುವ ಗೋಲಿನ ಭಾರ ಹೆಚ್ಚಾಗಿ ಮುಂದಿನ ಕಂಬ ಮತ್ತು ಅಡ್ಡಪಟ್ಟಿಯಲ್ಲಿರುತ್ತದೆ, ಮಗು ಜೋತುಬಿದ್ದರೆ ಮುಂದಕ್ಕೆ ಮಗುಚುತ್ತದೆ. ಹೀಗೆ ಮಕ್ಕಳು ಸತ್ತಿದ್ದಾರೆ. ನೆಲಕ್ಕೆ ಗೂಟ ಬಿಗಿಯಬೇಕು, ಅಥವಾ ಹಿಂದಿನ ಪಟ್ಟಿಗೆ ತಯಾರಕರು ಹೇಳಿದಷ್ಟು ತೂಕ ಕಟ್ಟಬೇಕು. ಬಳಸದಿದ್ದಾಗ ಎರಡು ಗೋಲನ್ನು ಮುಖಾಮುಖಿ ಇಟ್ಟು ಸರಪಳಿ ಹಾಕಿ ಬೀಗ. ಬಲೆಗೆ ಲೋಹದ ಕೊಕ್ಕೆ ಬೇಡ, ಪ್ಲಾಸ್ಟಿಕ್ ಕ್ಲಿಪ್ ಇರಲಿ. ಯಾರು, ಯಾವಾಗ ಪರೀಕ್ಷಿಸಿದರು ಎಂಬುದಕ್ಕೆ ಸಹಿಯ ಪುಸ್ತಕ ಇಡಬೇಕು. ಅದೇ ಪುಸ್ತಕದ ಮೊದಲ ಪುಟದಲ್ಲಿ ಇನ್ನೆರಡು ನಿಯಮ ಅಂಟಿಸಿದೆವು: ಗುಡುಗು ಕೇಳಿದರೆ ಮೈದಾನ ಖಾಲಿ, ಕೊನೆಯ ಗುಡುಗಿನಿಂದ 30 ನಿಮಿಷ ಯಾರೂ ಇಳಿಯುವಂತಿಲ್ಲ. ಯಾವ ಸ್ವಯಂಸೇವಕರೂ ಒಂದು ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ, ಯಾವಾಗಲೂ ಇಬ್ಬರು ದೊಡ್ಡವರು.

ಸೆಮಿಸ್ಟರ್ ಮುಗಿಯುತ್ತದೆ, ಹುಲ್ಲಿಗೆ ಅದು ಗೊತ್ತಿಲ್ಲ

ಪರೀಕ್ಷೆ ಬಂದಾಗ ವಿದ್ಯಾರ್ಥಿಗಳು ಮಾಯವಾಗುತ್ತಾರೆ, ಹುಲ್ಲು ಬೆಳೆಯುವುದು ಆಗಲೇ. ಮುಂದಿನ ತಂಡ ಬಂದು ಮತ್ತೆ ಒಂದನೇ ವಾರದಿಂದ ಶುರುಮಾಡಿದರೆ ಸಮಿತಿಗೆ ಬೇಸರ ಹುಟ್ಟುವುದು ಸಹಜ. ಅದಕ್ಕಾಗಿ 13ನೇ ವಾರದಿಂದ ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ, ಹಸ್ತಾಂತರವಷ್ಟೇ. ಸ್ಪ್ರೆಡ್‌ಶೀಟಿನಲ್ಲಿ ಊಹೆಗಳೆಲ್ಲ ಒಂದೇ ಹಾಳೆಯಲ್ಲಿ, ಬೇರೆ ಬಣ್ಣದಲ್ಲಿ: ವಾರದ ಗಂಟೆ 20, ಮಳೆಯ ಕಡಿತ ಶೇ 15, ಬೆಲೆ ಏರಿಕೆ ಶೇ 4. ಆರು ತಿಂಗಳಾದ ಮೇಲೆ ನಿಜವಾದ ಅಂಕಿ ಬಂದಾಗ ಸಮಿತಿಯ ಖಜಾಂಚಿ ಅಲ್ಲಿ ಬದಲಿಸಿದರೆ ಸಾಕು, ಉಳಿದದ್ದು ತಾನೇ ಬದಲಾಗಬೇಕು. ಸೂತ್ರದೊಳಗೆ ಅಂಕಿ ಹುದುಗಿಸಿಟ್ಟ ಶೀಟು ಮಾಡಿದವರ ಜೊತೆಗೇ ಹೋಗುತ್ತದೆ. ಖಜಾಂಚಿಯನ್ನು ಕೂರಿಸಿ, ನಾವು ಕೈ ಕಟ್ಟಿ ನಿಂತು, ಅವರಿಂದಲೇ ಮೂರು ಅಂಕಿ ಬದಲಿಸಿಸಿ ನೋಡಿದೆವು. ಎರಡು ಕಡೆ ಸಿಕ್ಕಿಹಾಕಿಕೊಂಡರು, ಆ ಎರಡು ಕಡೆ ತಿದ್ದಿದೆವು.

ಕಾಗದದ ಕಡತದಲ್ಲಿ ಗುತ್ತಿಗೆಯ ಪ್ರತಿ, ಮಣ್ಣಿನ ವರದಿ, ದಾನಿಗಳ ಪಟ್ಟಿ ಮತ್ತು ಅವರಿಗೆ ಕೊಟ್ಟ ಮಾತು, ಗೋಲಿನ ತಯಾರಕರ ಸೂಚನೆ, ಬಣ್ಣದ ಮತ್ತು ನೀರಿನ ಲೆಕ್ಕ. ಜೊತೆಗೆ ಪೈಪು ಮುಚ್ಚುವ ಮೊದಲು ಬರೆದ ಒಂದು ನಕ್ಷೆ: ಸ್ಪ್ರಿಂಕ್ಲರಿನ ಪ್ರತಿ ವಾಲ್ವು ಎರಡು ಶಾಶ್ವತ ಕಂಬಗಳಿಂದ ಎಷ್ಟೆಷ್ಟು ಮೀಟರ್ ದೂರದಲ್ಲಿದೆ ಎಂದು. ಹುಲ್ಲು ಮುಚ್ಚಿಕೊಂಡ ಮೇಲೆ ಅದನ್ನು ಕಣ್ಣಿನಿಂದ ಹುಡುಕಲು ಆಗುವುದಿಲ್ಲ.